ಕೊಡಗಿನ ಗಾಳಿ ಇಷ್ಟು ಚೆನ್ನಾಗಿದ್ದರೂ ಮಗಳ ನೆಗಡಿ ಎದೆಗೆ ಇಳಿಯುವುದು ಯಾಕೆ? ಒಲೆ ಹೊಗೆಗೂ ವೈರಸ್‌ಗೂ ಸಂಬಂಧ ಇದೆಯಾ?

ನಾಪೋಕ್ಲು ಹೊಳೆಬದಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿಗೆ ಹೋಗುತ್ತಾಳೆ. ಶಾಲೆ ಶುರುವಾದ ಮೇಲೆ ನೆಗಡಿ ಬರುವುದು ಸಹಜ. ಕ್ಲಾಸಿನಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಬರುತ್ತದೆ, ಅದಕ್ಕೆ ನಾನು ತಲೆ ಕೆಡಿಸಿಕೊಂಡಿಲ್ಲ. ನನ್ನ ಚಿಂತೆ ಬೇರೆ. ಅದೇ ಕ್ಲಾಸಿನ ಉಳಿದ ಮಕ್ಕಳಿಗೆ ಕೆಲವು ದಿನ ಮೂಗು ಸೋರಿ ವಾಸಿಯಾಗುತ್ತದೆ. ಇವಳಿಗೆ ಮಾತ್ರ ನೆಗಡಿ ಎದೆಗೆ ಇಳಿಯುತ್ತದೆ. ರಾತ್ರಿಯೆಲ್ಲ ಕೆಮ್ಮು. ಮಲಗಿದಾಗ ಎದೆಯಲ್ಲಿ ಗೊರಗೊರ, ಉಸಿರು ಬಿಡುವಾಗ ಸಣ್ಣ ಸಿಳ್ಳೆಯ ಸದ್ದು. ಜ್ವರ ಹೋಗಿ ಎಷ್ಟೋ ದಿನವಾದರೂ ಕೆಮ್ಮು ಹೋಗುವುದಿಲ್ಲ.

ಡಾಕ್ಟರಿಗೆ ತೋರಿಸಿದ್ದೇವೆ. ವೈರಸ್ಸಿನಿಂದ ಬಂದದ್ದು, ಆ್ಯಂಟಿಬಯಾಟಿಕ್ ಬೇಡ ಎಂದರು. ನೆಬ್ಯುಲೈಸರ್ ಕೊಟ್ಟರು, ಸ್ಪೇಸರ್ ಎಂಬ ಕೊಳವೆ ಹಾಕಿ ಇನ್‌ಹೇಲರ್ ಕೊಡಲು ಹೇಳಿಕೊಟ್ಟರು. ಹೊರಡುವಾಗ "ಮನೆಯಲ್ಲಿ ಹೊಗೆ ಇದೆಯಾ?" ಎಂದು ಕೇಳಿದರು. ನಾನು "ಗ್ಯಾಸ್ ಇದೆ" ಎಂದೆ. ಅಷ್ಟಕ್ಕೇ ಮಾತು ಮುಗಿಯಿತು. ಮನೆಗೆ ಬಂದ ಮೇಲೆ ಯೋಚನೆ ಶುರುವಾಗಿದೆ.

ನಮ್ಮ ಮನೆ ಹೇಳುತ್ತೇನೆ. ಅಡುಗೆಗೆ ಗ್ಯಾಸ್. ಆದರೆ ರೊಟ್ಟಿ, ಕಡುಬು, ಗಂಜಿ ಎಲ್ಲ ಹಿಂದಿನ ಸೌದೆ ಒಲೆಯಲ್ಲೇ. ಬಚ್ಚಲು ಒಲೆ ಬೆಳಿಗ್ಗೆ ಹಚ್ಚಿದರೆ ಮಳೆಗಾಲದಲ್ಲಿ ರಾತ್ರಿವರೆಗೂ ಆರುವುದಿಲ್ಲ. ಬಟ್ಟೆ ಒಣಗುವುದು ಅದರ ಮೇಲೆ ಕಟ್ಟಿದ ಹಗ್ಗದಲ್ಲಿ. ಮಗಳು ಮಲಗುವ ಕೋಣೆಗೂ ಬಚ್ಚಲಿಗೂ ಒಂದೇ ಗೋಡೆ, ಮೇಲೆ ಅಟ್ಟ ಒಂದೇ. ಈಗ ಕಕ್ಕಡ ತಿಂಗಳು, ಹೊರಗೆ ಜಡಿಮಳೆ, ಕಿಟಕಿ ತೆಗೆಯುವ ಮಾತೇ ಇಲ್ಲ. ಸಂಜೆ ಸೊಳ್ಳೆ ಬತ್ತಿ. ನೆಗಡಿಯಾದರೆ ಅತ್ತೆ ಕೆಂಡಕ್ಕೆ ಓಂಕಾಳು, ಸಾಂಬ್ರಾಣಿ ಹಾಕಿ ಹೊಗೆ ಹಿಡಿಯುತ್ತಾರೆ. ಅದು ಪ್ರೀತಿಯಿಂದ ಮಾಡುವುದು, ಅದರಲ್ಲಿ ಎರಡು ಮಾತಿಲ್ಲ. ಸೌದೆ ಎಂದರೆ ತೋಟದ್ದೇ, ಮರಗಸಿ ಮಾಡಿದ (ನೆರಳು ಮರದಿಂದ ಕಡಿದ) ಕೊಂಬೆ, ಹಳೇ ರೋಬಸ್ಟಾ ಕಾಫಿ ಗಿಡದ ಬುಡ.

ರಜೆಯಲ್ಲಿ ಮೈಸೂರಿನ ತವರಿಗೆ ಹೋದಾಗಲೂ ಇವಳಿಗೆ ನೆಗಡಿ ಬಂದಿತ್ತು. ಅಲ್ಲಿ ಎದೆಗೆ ಇಳಿಯಲಿಲ್ಲ. ಮೈಸೂರಿನ ರಸ್ತೆ ಧೂಳಿಗಿಂತ ನಮ್ಮೂರಿನ ಗಾಳಿ ಎಷ್ಟೋ ಮೇಲು ಅಲ್ವಾ? ಜನ ದುಡ್ಡು ಕೊಟ್ಟು ಈ ಗಾಳಿ ಕುಡಿಯಲು ಬರುತ್ತಾರೆ. ಹಾಗಾದರೆ ಇದು ಹೊಗೆಯದ್ದಾ, ವೈರಸ್ಸಿನದ್ದಾ, ಇವಳ ಮೈಯ ಗುಣವಾ? ಮನೆಯಲ್ಲಿ ಜಗಳವಾಗದ ಹಾಗೆ ಏನು ಬದಲಿಸಬಹುದು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಶನಿವಾರಸಂತೆ ಟೀಚರ್

ನಿಮ್ಮ ಪ್ರಶ್ನೆ ಓದಿ ಬರೆಯದೇ ಇರಲು ಆಗಲಿಲ್ಲ. ನಾನೀಗ ವಿಜ್ಞಾನ ಪಾಠ ಮಾಡುತ್ತೇನೆ. ಮೊದಲು ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಉಸಿರುನಾಳದ ಜೀವಕೋಶ ಬೆಳೆಸುವ ಕೆಲಸದಲ್ಲಿದ್ದೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಡಾಕ್ಟರ್ ಕೊಟ್ಟ ಇನ್‌ಹೇಲರನ್ನು ಅವರು ಹೇಳಿದ ಹಾಗೇ ಮುಂದುವರಿಸಿ. ಹೊಗೆ ಮತ್ತು ವೈರಸ್ ಸೇರಿದಾಗ ಒಳಗೆ ಏನಾಗುತ್ತದೆ ಎನ್ನುವುದನ್ನು ನಾನು ಹೇಳಬಲ್ಲೆ.

ಮೊದಲು ಗಾಳಿಯ ವಿಷಯ. ದೇಶದ ಶುದ್ಧ ಗಾಳಿಯ ಊರುಗಳ ಪಟ್ಟಿಯಲ್ಲಿ ಮಡಿಕೇರಿಯ ಹೆಸರು ಆಗಾಗ ಬರುತ್ತದೆ, ಸಂತೋಷ. ಆದರೆ ಅದು ಬಯಲಲ್ಲಿ ಅಳೆದ ಗಾಳಿ. ಮಳೆಗಾಲದಲ್ಲಿ ಮಳೆಯೇ ಅದನ್ನು ತೊಳೆಯುತ್ತದೆ. ನಿಮ್ಮ ಮಗಳು ಉಸಿರಾಡುವುದು ಅದನ್ನಲ್ಲ, ಕಿಟಕಿ ಮುಚ್ಚಿದ ಕೋಣೆಯದ್ದು. ಪಿಎಂ 2.5 ಎನ್ನುವ ಸೂಕ್ಷ್ಮ ಕಣ ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 15 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 60. ಹೊಗೆಗೂಡು ಇಲ್ಲದ ಸೌದೆ ಒಲೆ ಉರಿಯುವಾಗ ಅಡುಗೆ ಮನೆಯಲ್ಲಿ ಇದು ನೂರಾರು ಮೈಕ್ರೋಗ್ರಾಂ ಇರುತ್ತದೆ, ಎಷ್ಟೋ ಸಲ ಸಾವಿರವನ್ನೂ ದಾಟುತ್ತದೆ. ಬೆಟ್ಟದ ಮೇಲಿದ್ದರೂ ಅಷ್ಟೇ, ಹೊಳೆ ಬದಿಯಲ್ಲಿದ್ದರೂ ಅಷ್ಟೇ. ಮೈಸೂರಿನ ನಿಮ್ಮ ತವರಿನಲ್ಲಿ ಗ್ಯಾಸ್, ಗೀಸರ್ ಇರಬೇಕು. ಆ ಮನೆಯೊಳಗಿನ ಗಾಳಿ ನಿಮ್ಮ ಮನೆಯದ್ದಕ್ಕಿಂತ ಚೆನ್ನಾಗಿದ್ದಿರಬಹುದು. ಆದರೆ ಒಂದೇ ಸಲದ ನೆಗಡಿ ನೋಡಿ ತೀರ್ಮಾನ ಮಾಡಬೇಡಿ. ನೆಗಡಿ ತರುವ ವೈರಸ್ಸುಗಳು ನೂರಾರು. ಅಲ್ಲಿ ಬಂದದ್ದು ಸೌಮ್ಯವಾದದ್ದೇ ಇದ್ದಿರಬಹುದು.

ಈಗ ಒಳಗಿನ ಕತೆ. ಲ್ಯಾಬ್‌ನಲ್ಲಿ ಉಸಿರುನಾಳದ ಜೀವಕೋಶಗಳನ್ನು ತೆಳುವಾದ ಪೊರೆಯ ಮೇಲೆ ಬೆಳೆಸುತ್ತೇವೆ. ಕೆಳಗೆ ಪೋಷಕ ದ್ರವ, ಮೇಲೆ ಗಾಳಿ. ಸುಮಾರು ನಾಲ್ಕು ವಾರಕ್ಕೆ ಅವು ಬಲಿತು ಮೇಲೆ ಸಣ್ಣ ರೋಮ ಬರುತ್ತದೆ. ಇದಕ್ಕೆ ಸಿಲಿಯಾ ಎನ್ನುತ್ತಾರೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗಾಳಿಗೆ ಗದ್ದೆಯ ಪೈರು ಬಾಗಿದ ಹಾಗೆ ಒಂದೇ ದಿಕ್ಕಿಗೆ ಬಾಗುತ್ತವೆ, ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ. ಮೊದಲ ಸಲ ನೋಡಿದ ದಿನ ನಾನು ಊಟಕ್ಕೆ ಏಳಲಿಲ್ಲ. ಈ ರೋಮಗಳ ಮೇಲೆ ಲೋಳೆಯ ಪದರ ಇರುತ್ತದೆ. ಧೂಳು, ವೈರಸ್ ಅದಕ್ಕೆ ಅಂಟುತ್ತವೆ, ರೋಮಗಳು ಅದನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ನಾವು ಗೊತ್ತಿಲ್ಲದೇ ನುಂಗುತ್ತೇವೆ, ಮುಗಿಯಿತು. ದಿನವಿಡೀ ನಡೆಯುವ ಕೆಲಸ ಇದು.

ಸೌದೆ ಹೊಗೆಯಲ್ಲಿ ಆಕ್ರೊಲೀನ್ ಎನ್ನುವ ರಾಸಾಯನಿಕ ಇದೆ. ಕಣ್ಣು ಉರಿಯುವುದಕ್ಕೆ ಒಂದು ಕಾರಣ ಅದೇ. ಅದು ಈ ರೋಮಗಳ ಬಡಿತವನ್ನು ನಿಧಾನ ಮಾಡುತ್ತದೆ. ಅದೇ ಹೊತ್ತಿಗೆ ಲೋಳೆ ಜಾಸ್ತಿಯಾಗುತ್ತದೆ, ಗಟ್ಟಿಯಾಗುತ್ತದೆ. ತಳ್ಳುವ ಶಕ್ತಿ ಕಡಿಮೆ, ತಳ್ಳಬೇಕಾದದ್ದು ಹೆಚ್ಚು. ಜೀವಕೋಶಗಳ ನಡುವಿನ ಬಿಗಿಯಾದ ಹೊಲಿಗೆಯೂ ಸಡಿಲವಾಗುತ್ತದೆ. ವೈರಸ್ ಬರುವ ಮೊದಲೇ ಇಷ್ಟು ಆಗಿರುತ್ತದೆ.

ಇನ್ನು ವೈರಸ್. ಮಕ್ಕಳ ನೆಗಡಿಗೆ ಬಹಳ ಸಲ ಕಾರಣ ರೈನೊವೈರಸ್. ಅದರ ಹೆಚ್ಚಿನ ತಳಿಗಳು ಜೀವಕೋಶದ ಮೇಲಿರುವ ಐಕ್ಯಾಮ್-1 ಎನ್ನುವ ಪ್ರೋಟೀನನ್ನು ಹಿಡಿದೇ ಒಳಗೆ ಹೋಗುವುದು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉಸಿರುನಾಳದ ಜೀವಕೋಶಗಳಿಗೆ ರೈನೊವೈರಸ್ ಸೋಂಕು ತಗಲಿಸಿ, ಗಾಳಿ ಕೆಡಿಸುವ ಅನಿಲಗಳಾದ ನೈಟ್ರೋಜನ್ ಡೈಆಕ್ಸೈಡ್ ಅಥವಾ ಓಝೋನ್ ತಾಗಿಸಿ ನೋಡಿದರು. ವೈರಸ್ ಮಾತ್ರ ಇದ್ದಾಗಿನದಕ್ಕಿಂತ ವೈರಸ್ಸೂ ಅನಿಲವೂ ಸೇರಿದಾಗ ಐಕ್ಯಾಮ್-1 ಹೆಚ್ಚಾಯಿತು. ಉರಿಯೂತದ ಸಂದೇಶ ಸಾರುವ ಐಎಲ್-8 ಕೂಡ ಹೆಚ್ಚಾಯಿತು. ಐಎಲ್-8 ಏನು ಮಾಡುತ್ತದೆ ಎಂದರೆ, ರಕ್ತದಲ್ಲಿರುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಆ ಜಾಗಕ್ಕೆ ಕರೆಸುತ್ತದೆ. ಅವು ಬಂದು ಬಲವಾದ ಕಿಣ್ವಗಳನ್ನು ಸುರಿಯುತ್ತವೆ. ವೈರಸ್ ಇರುವ ಕಡೆಯಷ್ಟೇ ಅಲ್ಲ, ಸುತ್ತಲಿನ ಒಳ್ಳೆಯ ಅಂಗಾಂಶಕ್ಕೂ ಪೆಟ್ಟಾಗುತ್ತದೆ. ಗೋಡೆ ಊದುತ್ತದೆ.

ಜನ ಸಾಮಾನ್ಯವಾಗಿ ಗಮನಿಸದ ಮಾತು ಒಂದಿದೆ. ವೈರಸ್ ಬಂದಾಗ ದೇಹ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಒಂದು, ಇಂಟರ್‌ಫೆರಾನ್ ಬಿಟ್ಟು ಪಕ್ಕದ ಜೀವಕೋಶಗಳನ್ನು ಎಚ್ಚರಿಸಿ ವೈರಸ್ಸು ಹೆಚ್ಚುವುದನ್ನು ತಡೆಯುವುದು. ಇನ್ನೊಂದು, ಉರಿಯೂತ ಎಬ್ಬಿಸುವುದು. ಮೊದಲನೆಯದು ಬೇಗ ನಡೆದರೆ ಎರಡನೆಯದು ಹೆಚ್ಚು ಬೇಕಾಗುವುದಿಲ್ಲ. ಸಿಗರೇಟ್ ಹೊಗೆಯ ಮೇಲೆ ನಡೆದ ಪ್ರಯೋಗಗಳಲ್ಲಿ ಸ್ಪಷ್ಟವಾಗಿ ಕಂಡದ್ದು ಏನೆಂದರೆ, ಹೊಗೆ ಮೊದಲನೆಯದನ್ನು ಮಂಕು ಮಾಡುತ್ತದೆ. ವೈರಸ್ ಹೆಚ್ಚು ಹೊತ್ತು ಉಳಿಯುತ್ತದೆ, ಅದನ್ನು ಓಡಿಸಲು ಉರಿಯೂತ ಇನ್ನೂ ಜೋರಾಗುತ್ತದೆ. ಹೊಗೆಯಿಂದ ಮೊದಲೇ ಕೆರಳಿದ್ದ ನಾಳದ ಮೇಲೆ ಇದೆಲ್ಲ ನಡೆಯುವುದು. ಜ್ವರ ಹೋದ ಮೇಲೂ ಕೆಮ್ಮು ಉಳಿಯುವುದಕ್ಕೆ ಕಾರಣ ಇಲ್ಲೇ ಇದೆ. ವೈರಸ್ ಹೋಗಿರುತ್ತದೆ, ಉದುರಿದ ಪದರ ಮತ್ತೆ ಬೆಳೆದು ರೋಮ ಮೂಡಲು ವಾರಗಳು ಬೇಕು. ಆ ವಾರಗಳಲ್ಲೂ ದಿನಾ ಬಚ್ಚಲ ಹೊಗೆ ತಾಗುತ್ತಿದ್ದರೆ ಅದು ಮಾಯುವುದು ಹೇಗೆ?

ಕಣಗಳನ್ನು ತಿಂದು ಚೊಕ್ಕಟ ಮಾಡುವ ಮ್ಯಾಕ್ರೊಫೇಜ್ ಎಂಬ ಜೀವಕೋಶಗಳೂ ಇವೆ. ಇಂಗ್ಲೆಂಡಿನ ಲೆಸ್ಟರ್ ಊರಿನ ಆರೋಗ್ಯವಂತ ಮಕ್ಕಳ ಕಫ ತೆಗೆದು ನೋಡಿದಾಗ ಆ ಜೀವಕೋಶಗಳೊಳಗೆ ಮಸಿಯ ಕಪ್ಪು ಚುಕ್ಕೆ ಕಂಡಿತು. ಮಸಿ ಹೆಚ್ಚಿದ್ದ ಮಕ್ಕಳ ಶ್ವಾಸಕೋಶದ ಶಕ್ತಿ ಕಡಿಮೆ ಇತ್ತು. ಇದು 2006ರಲ್ಲಿ ಬಂದ ಅಧ್ಯಯನ. ಅದು ವಾಹನದ ಹೊಗೆ. ಆಫ್ರಿಕದ ಮಲಾವಿಯಲ್ಲಿ ಸೌದೆ ಉರಿಸುವ ಮನೆಗಳ ದೊಡ್ಡವರಲ್ಲೂ ಇಂಥದೇ ಮಸಿ ಕಂಡಿದೆ.

ಚಿಕ್ಕ ಮಕ್ಕಳಿಗೆ ಇದು ಯಾಕೆ ಹೆಚ್ಚು ಕಷ್ಟ? ಲೆಕ್ಕ ನೋಡಿ. 4 ಮಿಲಿಮೀಟರ್ ಅಗಲದ ನಾಳದ ಗೋಡೆ ಸುತ್ತಲೂ 1 ಮಿಲಿಮೀಟರ್ ಊದಿದರೆ ಉಳಿಯುವುದು 2 ಮಿಲಿಮೀಟರ್. ಗಾಳಿ ಹೋಗುವ ಜಾಗ ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. ದೊಡ್ಡವರ 8 ಮಿಲಿಮೀಟರ್ ನಾಳ ಅಷ್ಟೇ ಊದಿದರೆ ಅರ್ಧಕ್ಕಿಂತ ಹೆಚ್ಚು ಜಾಗ ಉಳಿದಿರುತ್ತದೆ. ಅದೇ ಮನೆ, ಅದೇ ಹೊಗೆ, ಅದೇ ವೈರಸ್. ನಿಮಗೆ ಗಂಟಲು ಕೆರೆತ, ಅವಳಿಗೆ ಸಿಳ್ಳೆ.

ಮಕ್ಕಳ ಮೇಲೇ ನಡೆದ ಅಧ್ಯಯನವೂ ಇದೆ. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ, ಅಸ್ತಮಾ ಇದ್ದ 8ರಿಂದ 11 ವರ್ಷದ ಮಕ್ಕಳಿಗೆ ನೈಟ್ರೋಜನ್ ಡೈಆಕ್ಸೈಡ್ ಅಳೆಯುವ ಪುಟ್ಟ ಸಾಧನ ಕೊಟ್ಟರು. ವೈರಸ್ ಸೋಂಕು ಬರುವ ಹಿಂದಿನ ವಾರ ಯಾರು ಆ ಅನಿಲವನ್ನು ಹೆಚ್ಚು ಉಸಿರಾಡಿದ್ದರೋ ಅವರಿಗೆ ಸೋಂಕು ಬಂದಾಗ ಅಸ್ತಮಾ ಹೆಚ್ಚು ಜೋರಾಗಿತ್ತು. ಗಮನಿಸಿ, ಗ್ಯಾಸ್ ಒಲೆಯ ನೀಲಿ ಉರಿಯಿಂದಲೂ ಇದೇ ಅನಿಲ ಬರುತ್ತದೆ. ಸೌದೆಗಿಂತ ಗ್ಯಾಸ್ ಸಾವಿರ ಪಾಲು ಮೇಲು, ನಿಜ. ಆದರೂ ಗ್ಯಾಸ್ ಹಚ್ಚಿದಾಗ ಕಿಟಕಿಯೋ ಎಕ್ಸಾಸ್ಟ್ ಫ್ಯಾನೋ ತೆರೆದಿರಲಿ.

ಹಾಗಾಗಿ ನನ್ನ ಉತ್ತರ ಇಷ್ಟು: ನೆಗಡಿ ತಂದದ್ದು ವೈರಸ್. ಅದು ಎದೆಗೆ ಇಳಿಯಲು, ಬೇಗ ಬಿಡದೇ ಇರಲು ಹೊಗೆ ದೊಡ್ಡ ಪಾಲು ಹಾಕುತ್ತದೆ. ಇವಳ ನಾಳದ ಸೂಕ್ಷ್ಮ ಗುಣವೂ ಜೊತೆಗೆ ಇರಬಹುದು. ಆ ಗುಣವನ್ನು ಬದಲಿಸಲು ಆಗುವುದಿಲ್ಲ, ವೈರಸ್ಸನ್ನು ಪೂರ್ತಿ ತಪ್ಪಿಸಲೂ ಆಗುವುದಿಲ್ಲ. ನಮ್ಮ ಕೈಯಲ್ಲಿರುವುದು ಹೊಗೆ ಒಂದೇ. ಮೊದಲು ಮಗಳು ಮಲಗುವ ಕೋಣೆ ಬದಲಿಸಿ. ಇವತ್ತೇ ಆಗುವ ಕೆಲಸ, ಜಗಳವೂ ಇಲ್ಲ. ಬಚ್ಚಲಿಗೆ ದೂರದ, ಅಟ್ಟದಿಂದ ಹೊಗೆ ಇಳಿಯದ ಕೋಣೆ. ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಿ. ಒಂದು ಸೊಳ್ಳೆ ಬತ್ತಿ ಉರಿದು ಮುಗಿಯುವಾಗ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬಿಡುತ್ತದೆ ಎಂದು 2003ರ ಒಂದು ಅಧ್ಯಯನ ಅಳೆದು ಹೇಳಿದೆ. ಅತ್ತೆಯವರಿಗೆ ಓಂಕಾಳನ್ನು ಕೆಂಡಕ್ಕೆ ಹಾಕುವ ಬದಲು ಬಟ್ಟೆಯಲ್ಲಿ ಕಟ್ಟಿ ಮೂಸಲು ಕೊಡಿ ಎಂದು ಕೇಳಿ. ಅವರ ಪ್ರೀತಿಯೂ ಉಳಿಯುತ್ತದೆ, ಓಮಿನ ಪರಿಮಳವೂ ಇರುತ್ತದೆ.

ಸುಂಟಿಕೊಪ್ಪ ತೋಟ

ಟೀಚರ್, ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಅನುಮಾನ, ನೇರವಾಗಿ ಕೇಳುತ್ತೇನೆ. ಸೌದೆ ಒಲೆ ಬಿಡಿಸಿ ಗ್ಯಾಸ್ ಕೊಟ್ಟು ನೋಡಿದ ದೊಡ್ಡ ಅಧ್ಯಯನದಲ್ಲಿ ಮಕ್ಕಳ ನ್ಯುಮೋನಿಯಾ ಕಡಿಮೆಯಾಗಲಿಲ್ಲ ಎಂದು ಓದಿದ ನೆನಪು. ಅದೂ ನಮ್ಮ ಪಕ್ಕದ ತಮಿಳುನಾಡಿನ ಹಳ್ಳಿಗಳೂ ಅದರಲ್ಲಿದ್ದವು. ಹಾಗಾದರೆ ಲ್ಯಾಬ್‌ನ ಮಾತು ಮನೆಯಲ್ಲಿ ನಡೆಯುವುದಿಲ್ಲವೇ?

ನಾನು ಕೇಳುವುದಕ್ಕೆ ಕಾರಣ ಇದೆ. ನಮ್ಮ ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಒಂದೇ ಕೋಣೆ, ಮೂಲೆಯಲ್ಲಿ ಒಲೆ, ಪಕ್ಕದಲ್ಲೇ ಮಕ್ಕಳು ಮಲಗುವುದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಹೊರಗಿನಿಂದ ಬಂದ ಕುಟುಂಬಗಳು ಅಷ್ಟೇ ಕೋಣೆಗಳಲ್ಲಿ ತುಂಬಿರುತ್ತವೆ. ಬೆಳಗಿನ ಚಳಿಗೆ ಬಾಗಿಲು ಮುಚ್ಚಿ ಒಲೆ ಹಚ್ಚುತ್ತಾರೆ. ಪ್ರತಿ ಕುಯ್ಲಿಗೂ ಮಕ್ಕಳ ಕೆಮ್ಮು ನೋಡುತ್ತೇನೆ. ಅವರಿಗೆ ಏನು ಮಾಡಿಸಿದರೆ ನಿಜವಾಗಿ ಉಪಯೋಗ ಎಂದು ತಿಳಿಯಬೇಕು. ಹೊಗೆಗೂಡು ಸಾಕೇ, ಗ್ಯಾಸ್ ಬೇಕೇ?

ಶನಿವಾರಸಂತೆ ಟೀಚರ್

ಸರ್, ನೀವು ಓದಿದ್ದು ಸರಿ. ಗ್ವಾಟೆಮಾಲ, ಭಾರತ, ಪೆರು, ರುವಾಂಡ ನಾಲ್ಕು ದೇಶಗಳಲ್ಲಿ ನಡೆದ ಅಧ್ಯಯನ ಅದು, ಫಲಿತಾಂಶ ಬಂದದ್ದು 2024ರಲ್ಲಿ. ಗರ್ಭಿಣಿಯರ ಮನೆಗೆ ಗ್ಯಾಸ್ ಒಲೆ, ಸಿಲಿಂಡರ್ ಕೊಟ್ಟು, ಹುಟ್ಟಿದ ಮಗುವನ್ನು ಒಂದು ವರ್ಷದವರೆಗೆ ನೋಡಿದರು. ಶಿಶುಗಳ ಸುತ್ತಲಿನ ಪಿಎಂ 2.5 ಸೌದೆ ಮನೆಗಳಲ್ಲಿ 66 ಮೈಕ್ರೋಗ್ರಾಂ ಇದ್ದರೆ ಗ್ಯಾಸ್ ಮನೆಗಳಲ್ಲಿ 24ರಷ್ಟಿತ್ತು. ಆದರೂ ತೀವ್ರ ನ್ಯುಮೋನಿಯಾದಲ್ಲಿ ಗಟ್ಟಿಯಾದ ವ್ಯತ್ಯಾಸ ಕಾಣಲಿಲ್ಲ. ಮಲಾವಿಯಲ್ಲಿ ಸುಧಾರಿತ ಸೌದೆ ಒಲೆ ಕೊಟ್ಟು ನೋಡಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇದೇ ಆಯಿತು. ಇದನ್ನು ಮುಚ್ಚಿಟ್ಟು ಹೊಗೆಯ ವಿರುದ್ಧ ಮಾತಾಡುವುದು ನನಗೆ ಇಷ್ಟವಿಲ್ಲ.

ಇನ್ನೊಂದು ಫಲಿತಾಂಶವನ್ನೂ ಪಕ್ಕದಲ್ಲಿಡಿ. ಗ್ವಾಟೆಮಾಲದ ಬೆಟ್ಟದ ಊರುಗಳಲ್ಲಿ ಮೊದಲು ಒಂದು ಅಧ್ಯಯನ ನಡೆದಿತ್ತು, 2011ರಲ್ಲಿ ಪ್ರಕಟವಾಯಿತು. ಅಲ್ಲಿ ಮನೆಯೊಳಗಿನ ಬಯಲು ಬೆಂಕಿ ತೆಗೆದು ಹೊಗೆಗೂಡಿನ ಒಲೆ ಕೊಟ್ಟರು. ಒಟ್ಟು ನ್ಯುಮೋನಿಯಾದಲ್ಲಿ ಖಚಿತವಾದ ಇಳಿಕೆ ಕಾಣಲಿಲ್ಲ. ಆದರೆ ತೀವ್ರವಾದ ನ್ಯುಮೋನಿಯಾ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ಯಾವ ಮಗುವಿಗೆ ನಿಜವಾಗಿ ಎಷ್ಟು ಹೊಗೆ ತಾಗಿತು ಎಂದು ಅಳೆದು ನೋಡಿದಾಗ, ಹೊಗೆ ಕಡಿಮೆಯಾದಷ್ಟೂ ಕಾಯಿಲೆ ಕಡಿಮೆ ಇತ್ತು.

ನಾನು ಇವನ್ನೆಲ್ಲ ಒಟ್ಟಿಗೆ ಓದುವುದು ಹೀಗೆ. ಶಿಶುಗಳ ನ್ಯುಮೋನಿಯಾಕ್ಕೆ ಅಪೌಷ್ಟಿಕತೆ, ಕಿಕ್ಕಿರಿದ ಮನೆ, ಲಸಿಕೆ, ಬ್ಯಾಕ್ಟೀರಿಯಾ ಎಷ್ಟೋ ಕಾರಣ. ಅದರಲ್ಲಿ ಹೊಗೆ ಒಂದು. 24 ಎನ್ನುವುದು ಕೂಡ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಮೇಲೇ. ಸುತ್ತಲಿನ ಮನೆಗಳ ಹೊಗೆ, ಕಸ ಸುಡುವುದು ನಡೆದೇ ಇರುತ್ತದೆ. ಹೊಳೆಬದಿಯವರು ಕೇಳಿದ್ದು ನಾಲ್ಕೂವರೆ ವರ್ಷದ ಮಗುವಿನ ಸಿಳ್ಳೆ ಉಸಿರಿನ ಬಗ್ಗೆ. ಅದು ಶಿಶುವಿನ ನ್ಯುಮೋನಿಯಾಕ್ಕಿಂತ ಬೇರೆ ಪ್ರಶ್ನೆ. ಕೆರಳಿದ ನಾಳ ಬೇಗ ಪ್ರತಿಕ್ರಿಯೆ ತೋರಿಸುತ್ತದೆ. ಅಮೆರಿಕದ ಯೂಟಾ ಕಣಿವೆಯಲ್ಲಿ 1986ರ ಆಗಸ್ಟ್‌ನಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚಿತ್ತು, ಮುಂದಿನ ವರ್ಷ ತೆರೆಯಿತು. ಕಾರ್ಖಾನೆ ನಡೆಯುತ್ತಿದ್ದ ಚಳಿಗಾಲಗಳಲ್ಲಿ ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ), ಅಸ್ತಮಾ ಎಂದು ಆಸ್ಪತ್ರೆ ಸೇರಿದ ಮಕ್ಕಳು, ಮುಚ್ಚಿದ್ದ ಚಳಿಗಾಲಕ್ಕಿಂತ ಎರಡು ಮೂರು ಪಟ್ಟು ಇದ್ದರು. ಊರಿನ ಮಕ್ಕಳೂ ಅವರೇ, ಚಳಿಗಾಲದ ವೈರಸ್ಸುಗಳೂ ಬರುತ್ತಲೇ ಇದ್ದವು.

ದೊಡ್ಡವರ ಮೇಲೆ ಸೌದೆ ಹೊಗೆಯದ್ದೇ ಒಂದು ಪ್ರಯೋಗ 2019ರಲ್ಲಿ ಬಂತು. ಆರೋಗ್ಯವಂತರನ್ನು ಎರಡು ಗಂಟೆ ಸೌದೆ ಹೊಗೆ ಇದ್ದ ಕೋಣೆಯಲ್ಲಿ ಕೂರಿಸಿ, ಆಮೇಲೆ ಮೂಗಿಗೆ ಸಿಂಪಡಿಸುವ ಸಜೀವ ಫ್ಲೂ ಲಸಿಕೆ ಕೊಟ್ಟರು. ಅದು ದುರ್ಬಲ ಮಾಡಿದ ವೈರಸ್, ಹಾಗಾಗಿ ಸುರಕ್ಷಿತ. ಗಂಡಸರ ಮೂಗಿನಲ್ಲಿ ಉರಿಯೂತದ ಜೀನ್‌ಗಳು ಹೆಚ್ಚು ಕೆಲಸ ಮಾಡಿದವು, ಹೆಂಗಸರಲ್ಲಿ ಕಡಿಮೆ. ಒಂದೇ ಹೊಗೆಗೆ ಎಲ್ಲರ ಮೈ ಒಂದೇ ರೀತಿ ಸ್ಪಂದಿಸುವುದಿಲ್ಲ.

ನಿಮ್ಮ ಲೈನ್ ಮನೆಗಳಿಗೆ ನನ್ನ ಮಾತು: ಅರ್ಧಂಬರ್ಧ ಸುಧಾರಣೆಗೆ ದುಡ್ಡು ಹಾಕಬೇಡಿ. ಒಲೆಯನ್ನು ಮಲಗುವ ಕೋಣೆಯಿಂದ ಹೊರಗೆ ತನ್ನಿ. ಹಿಂದೆ ಚಾವಣಿ ಇಳಿಸಿ ಪ್ರತ್ಯೇಕ ಅಡುಗೆ ಜಾಗ ಮಾಡಿಸಿ, ಹೊಗೆಗೂಡು ಸೂರಿನ ತುದಿಗಿಂತ ಮೇಲೆ ಹೋಗಲಿ. ಗ್ಯಾಸ್ ಕೊಡಿಸಿದರೆ ಬಹಳ ಒಳ್ಳೆಯದು, ಆದರೆ ಸಿಲಿಂಡರ್ ಮುಗಿದಾಗ ತುಂಬಿಸುವುದು ಯಾರು ಎಂದೂ ಮೊದಲೇ ಮಾತಾಡಿ. ಕುಯ್ಲಿಗೆ ಬಂದವರ ಹತ್ತಿರ ಈ ಊರಿನ ಕನೆಕ್ಷನ್ ಇರುವುದಿಲ್ಲ.

ಗಾಳಿಬೀಡು ಹಳಬ

ಎಲ್ಲರೂ ಹೊಗೆ ಬಿಡಿ ಎನ್ನುತ್ತೀರಿ. ಗಾಳಿಬೀಡಿನ ಮಳೆ ನೋಡಿದ್ದೀರಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲಿ ಬೆಂಕಿ ಇಲ್ಲದಿದ್ದರೆ ಗೋಡೆಗೆ ಬೂಷ್ಟು, ಹಾಸಿಗೆಗೆ ಬೂಷ್ಟು, ಚಪ್ಪಲಿಗೂ ಬೂಷ್ಟು. ಅಟ್ಟದ ಮರಕ್ಕೆ ಹುಳ ಹಿಡಿಯದೇ ಇರುವುದು ಹೊಗೆಯಿಂದ. ಕರಿಮೆಣಸು, ಏಲಕ್ಕಿ ಬೀಜ ಉಳಿಯುವುದು ಹೊಗೆಯಿಂದ. ನನ್ನ ತಾಯಿ ಎಂಬತ್ತು ದಾಟಿದರು, ಒಲೆ ಮುಂದೆಯೇ ಬದುಕಿದರು. ಮಕ್ಕಳು ಈಗ ಹೆಚ್ಚು ಕಾಯಿಲೆ ಬೀಳುವುದು ಕೆಸರಲ್ಲಿ ಆಡದೇ ಇರುವುದರಿಂದ ಎಂದು ನನ್ನ ಅಭಿಪ್ರಾಯ.

ಶನಿವಾರಸಂತೆ ಟೀಚರ್

ಅಂಕಲ್, ಬೂಷ್ಟಿನ ಮಾತು ನೂರಕ್ಕೆ ನೂರು ಸರಿ. ಇದನ್ನು ಯಾರಾದರೂ ಹೇಳಬೇಕಿತ್ತು. ತೇವ, ಬೂಷ್ಟು ಇರುವ ಮನೆಯ ಮಕ್ಕಳಿಗೆ ಸಿಳ್ಳೆ ಉಸಿರು, ಅಸ್ತಮಾ ಹೆಚ್ಚು. ಬೂಷ್ಟಿನ ಬೀಜಾಣುಗಳೂ ಇದೇ ನಾಳವನ್ನು ಕೆರಳಿಸುತ್ತವೆ. ಹೊಗೆ ತಪ್ಪಿಸಲು ಹೋಗಿ ಮನೆಯನ್ನು ತಣ್ಣಗೆ, ಒದ್ದೆಯಾಗಿ ಇಟ್ಟರೆ ಮಗುವಿಗೆ ಲಾಭವಿಲ್ಲ. ಕೊಡಗಿನ ಮನೆಗೆ ಮಳೆಗಾಲದಲ್ಲಿ ಬೆಂಕಿ ಬೇಕು, ನಾನೂ ಅದನ್ನೇ ಹೇಳುವುದು. ಬೆಂಕಿಯ ಶಾಖ ಒಳಗೆ ಬರಲಿ, ಹೊಗೆ ಹೊರಗೆ ಹೋಗಲಿ. ಮರಕ್ಕೆ ಹುಳ ಹಿಡಿಯಬಾರದು ಎಂದರೆ ಮಗು ಮಲಗುವ ಕೋಣೆಗೆ ಹೊಗೆ ಬರಬೇಕಾಗಿಲ್ಲ.

ತಾಯಿಯವರು ಎಂಬತ್ತು ದಾಟಿದ್ದು ಕೇಳಿ ಸಂತೋಷ. ಆದರೆ ಬೀಡಿ ಸಿಗರೇಟ್ ಮುಟ್ಟದ ಎಷ್ಟು ಅಜ್ಜಿಯರು ನಮ್ಮಲ್ಲಿ ಉಬ್ಬಸದಿಂದ ಮೆಟ್ಟಿಲು ಹತ್ತಲಾಗದೇ ಕೂತಿದ್ದಾರೆ, ನೀವೂ ನೋಡಿರುತ್ತೀರಿ. ಅವರಿಗೆ ಬಂದ ಸಿಒಪಿಡಿ ಎನ್ನುವ ಶ್ವಾಸಕೋಶದ ಕಾಯಿಲೆಗೆ ನಮ್ಮ ದೇಶದಲ್ಲಿ ದೊಡ್ಡ ಕಾರಣ ಒಲೆ ಹೊಗೆ. ಅವರಿಗೆ ಒಂದು ಸಾಮಾನ್ಯ ನೆಗಡಿ ಬಂದರೂ ಆಸ್ಪತ್ರೆ ಸೇರಬೇಕಾಗುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ 2,37,000ಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ತಮ್ಮ ಕತೆ ಹೇಳಲು ಅವರು ಇಲ್ಲ ಅಂಕಲ್. ಮಕ್ಕಳು ಕೆಸರಲ್ಲಿ ಆಡಲಿ, ಅದಕ್ಕೆ ನನ್ನ ಒಪ್ಪಿಗೆ ಇದೆ.

ನಾಪೋಕ್ಲು ಹೊಳೆಬದಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೀಚರ್, ನೀವು ಬರೆದದ್ದನ್ನು ರಾತ್ರಿ ಊಟ ಆದ ಮೇಲೆ ಮಾವನಿಗೂ ಅತ್ತೆಗೂ ಓದಿ ಹೇಳಿದೆ. 4 ಮಿಲಿಮೀಟರ್ ಲೆಕ್ಕ ಕೇಳಿ ಮಾವ ಸುಮ್ಮನಾದರು. ಅತ್ತೆ ಓಂಕಾಳನ್ನು ಹುರಿದು ಬಟ್ಟೆಗೆ ಕಟ್ಟಿ ಕೊಟ್ಟರು. ಮಗಳ ಹಾಸಿಗೆ ಮುಂದಿನ ಕೋಣೆಗೆ ಬಂತು.

ಈಗ ಮುಂದಿನ ಕೋಣೆ ಚಳಿ ಎಂದು ಅತ್ತೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ ಇಡೋಣ ಎನ್ನುತ್ತಿದ್ದಾರೆ. ಕೆಂಡದಲ್ಲಿ ಹೊಗೆ ಇರುವುದಿಲ್ಲವಲ್ಲ, ಇಡಬಹುದಾ? ಇವಳಿಗೆ ಮಾಸ್ಕ್ ಹಾಕಿದರೆ ಹೊಗೆ ತಡೆಯುತ್ತದಾ? ಮತ್ತೆ ಬಚ್ಚಲು ಒಲೆಗೆ ಏನು ಮಾಡುವುದು?

ಶನಿವಾರಸಂತೆ ಟೀಚರ್

ಅಗ್ಗಿಷ್ಟಿಕೆ ಬೇಡ. ದಯವಿಟ್ಟು ಬೇಡ. ಕೆಂಡದಲ್ಲಿ ಕಣ್ಣಿಗೆ ಕಾಣುವ ಹೊಗೆ ಇಲ್ಲ, ಆದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮೂ ಬರುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳದೇ ಹೋಗಬಹುದು. ಮಗು ಇರಲಿ, ದೊಡ್ಡವರಿರಲಿ, ಮಲಗುವ ಕೋಣೆಗೆ ಕೆಂಡ ತರಲೇಬಾರದು. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಮಲಗುವ ಮೊದಲು ಹಾಸಿಗೆಯಲ್ಲಿಟ್ಟು, ಮಗು ಮಲಗುವಾಗ ತೆಗೆಯಿರಿ. ಒಂದು ಕಂಬಳಿ ಹೆಚ್ಚು ಹೊದಿಸಿ.

ಮಾಸ್ಕ್ ನಂಬಬೇಡಿ. ಸೌದೆ ಹೊಗೆಯ ಕಣ ಹೆಚ್ಚಿನವು ಒಂದು ಮೈಕ್ರೋಮೀಟರ್‌ಗಿಂತ ಸಣ್ಣವು. ಬಟ್ಟೆ ಮಾಸ್ಕ್ ದಾಟಿ ಹೋಗುತ್ತವೆ. ಎನ್95 ಕಣ ತಡೆಯುತ್ತದೆ, ಅನಿಲ ತಡೆಯುವುದಿಲ್ಲ. ಅಷ್ಟು ಚಿಕ್ಕ ಮುಖಕ್ಕೆ ಅದು ಸರಿಯಾಗಿ ಕೂರುವುದೂ ಇಲ್ಲ.

ಫ್ಲೂ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳಿ. ಆರು ತಿಂಗಳು ದಾಟಿದ ಮಕ್ಕಳಿಗೆ ವರ್ಷಕ್ಕೊಮ್ಮೆ ಕೊಡುತ್ತಾರೆ, ಮಳೆಗಾಲದ ಮೊದಲೇ ಆದರೆ ಒಳ್ಳೆಯದು. ನೆಗಡಿಯ ಎಲ್ಲ ವೈರಸ್ಸಿಗೂ ಅದು ಆಗುವುದಿಲ್ಲ, ಫ್ಲೂಗೆ ಮಾತ್ರ. ಇನ್ನು ಕೆಮ್ಮಿನ ರಾತ್ರಿಗಳಲ್ಲಿ ಮಗಳು ಮಲಗಿರುವಾಗ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ. ಅವಳ ವಯಸ್ಸಿಗೆ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ತುಟಿ ನೀಲಿಯಾದರೆ, ನೀರು ಕುಡಿಯಲು ಆಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಜೀಪ್ ತೆಗೆದು ಹೊರಡಿ. ನಾಪೋಕ್ಲಿನಿಂದ ಮಡಿಕೇರಿಗೆ ಮಳೆಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಿಮಗೇ ಗೊತ್ತು.

ಬಚ್ಚಲು ಒಲೆಯ ವಿಷಯ ತೋಟದವರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಸುಂಟಿಕೊಪ್ಪ ತೋಟ

ಹೇಳುತ್ತೇನೆ. ಹಂಡೆ ಇದ್ದಲ್ಲೇ ಇರಲಿ. ಒಲೆಯ ಬಾಯಿಯನ್ನು ಹೊರಗೋಡೆಯ ಕಡೆಗೆ ತಿರುಗಿಸಿ. ಸೌದೆ ತುಂಬುವುದು, ಬೂದಿ ತೆಗೆಯುವುದು ಎಲ್ಲ ಹೊರಗಿನಿಂದ. ಒಳಗೆ ಬಿಸಿನೀರೂ ಗೋಡೆಯ ಶಾಖವೂ ಸಿಗುತ್ತದೆ, ಬಟ್ಟೆಯೂ ಒಣಗುತ್ತದೆ. ಒಳಗಿನ ಹಳೇ ಬಾಯಿಯನ್ನು ಇಟ್ಟಿಗೆ ಇಟ್ಟು ಗಾರೆ ಹಾಕಿ ಮುಚ್ಚಬೇಕು, ಸಣ್ಣ ಬಿರುಕೂ ಉಳಿಯಬಾರದು. ಹೊಗೆಗೆ ಸಿಮೆಂಟ್ ಪೈಪ್, ಹೆಂಚಿನ ಮೇಲೆ ಎತ್ತರಕ್ಕೆ, ತಲೆಗೆ ಟೋಪಿ. ಅಟ್ಟದ ಕಡೆ ನಿಮ್ಮ ಎರಡು ಕೋಣೆಯ ನಡುವೆ ಹಲಗೆ ಹೊಡೆಸಿ ಮುಚ್ಚಿ. ಇದು ಒಬ್ಬ ಮೇಸ್ತ್ರಿಯ ಕೆಲಸ, ಆದರೆ ಈಗ ಮಳೆಯಲ್ಲಿ ಗಾರೆ ಹಿಡಿಯುವುದಿಲ್ಲ. ಸದ್ಯಕ್ಕೆ ಹಲಗೆ ಮಾತ್ರ ಹೊಡೆಸಿ, ಉಳಿದದ್ದು ತುಲಾ ಸಂಕ್ರಮಣ ಕಳೆದ ಮೇಲೆ.

ಸೌದೆಯದ್ದೂ ಒಂದು ಮಾತು. ಮರಗಸಿ ಮಾಡಿದ ಹಸಿ ಕೊಂಬೆಯನ್ನು ಅದೇ ಮಳೆಗಾಲಕ್ಕೆ ಉರಿಸಬೇಡಿ. ಒದ್ದೆ ಸೌದೆಯಷ್ಟು ಹೊಗೆ ಬೇರೆ ಯಾವುದೂ ಕೊಡುವುದಿಲ್ಲ. ಹೋದ ವರ್ಷದ್ದನ್ನು ಸೀಳಿ ಕೊಟ್ಟಿಗೆಯಲ್ಲಿ ಒಟ್ಟಿಟ್ಟದ್ದನ್ನು ಈ ವರ್ಷ ತೆಗೆಯಿರಿ. ನೆಲದಿಂದ ಒಂದು ಅಡಿ ಎತ್ತರಿಸಿ, ಬದಿಗಳಲ್ಲಿ ಗಾಳಿ ಆಡುವ ಹಾಗೆ ಇರಲಿ.

ಗೋಡೆ ಒಡೆಸುವ ಮೊದಲು ಗಾಳಿಯ ದಿಕ್ಕು ನೋಡಿ. ನಮ್ಮಲ್ಲಿ ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ ಹೊಡೆಯುತ್ತದೆ. ಒಲೆಯ ಬಾಯಿ ಆ ಕಡೆ ಇದ್ದರೆ ಹೊಗೆಯೂ ಎರಚಲೂ ವಾಪಸ್ ಮನೆಗೇ ಬರುತ್ತದೆ. ಪೂರ್ವಕ್ಕೋ ಉತ್ತರಕ್ಕೋ ಮಾಡಿಸಿ. ಆ ಗೋಡೆಯ ಹತ್ತಿರ ಮಗಳ ಹೊಸ ಕೋಣೆಯ ಕಿಟಕಿ ಇದೆಯಾ ಎಂದು ಮೊದಲು ಹೇಳಿ, ಆಮೇಲೆ ಜಾಗ ನಿಗದಿ ಮಾಡೋಣ.